ಸ್ಮಾರ್ಟ್ ಲಾಕ್ ಆ್ಯಪಿಂದ ಡಿಲೀಟ್ ಆಗ್ತಿಲ್ವಾ? ಮೊದ್ಲು ಬಾಗಿಲು ತೆಗೆದಿಟ್ಕೊಳ್ಳಿ, ಆಮೇಲೆ ಇದನ್ನ ಓದಿ

ನಮ್ಮಕ್ಕ ಬನಶಂಕರಿ ಕಡೆ ಒಂದು ಬಾಡಿಗೆ ಫ್ಲಾಟಿಗೆ ಹೋದ್ಲು. ಬಾಗಿಲಿಗೆ ಸ್ಮಾರ್ಟ್ ಲಾಕ್ (ಬೆರಳಚ್ಚು, ಪಿನ್ನು, ಫೋನ್ ಆ್ಯಪಿಂದ ತೆಗೆಯೋ ಬೀಗ) ಇದೆ, ಇನ್ನು ಕೀ ಗೊಂಚಲು ಹುಡುಕೋ ಕಷ್ಟ ಇಲ್ಲ ಅಂತ ಖುಷಿಯಾಗಿದ್ಲು. ಹಾಲುಕ್ಕಿಸಿ, ಸಾಮಾನೆಲ್ಲ ಜೋಡಿಸಿ, ರಾತ್ರಿ ಹೊತ್ತಿಗೆ ಫೋನಲ್ಲಿ ಆ್ಯಪ್ ಹಾಕ್ಕೊಂಡು ಲಾಕ್ ಸೇರ್ಸೋಕೆ ಹೋದ್ರೆ 'ಈ ಡಿವೈಸ್ ಬೇರೆ ಅಕೌಂಟಿಗೆ ಸೇರಿದೆ' ಅಂತ ಬರ್ತಿದೆ. ಓನರ್ ಅಂಕಲ್‌ಗೆ ಫೋನ್ ಹಚ್ಚಿದ್ಲು.

"ಅಂಕಲ್, ಮುಂಚೆ ಇದ್ದವ್ರು ಲಾಕ್ ಬಿಟ್ಟುಕೊಟ್ಟೇ ಇಲ್ಲ ಅನ್ಸುತ್ತೆ."

"ಇಲ್ಲಮ್ಮ, ಖಾಲಿ ಮಾಡೋ ದಿನ ಆ ಹುಡುಗ ನನ್ನೆದುರಿಗೇ ಆ್ಯಪ್ ಡಿಲೀಟ್ ಮಾಡಿ ತೋರಿಸಿದ್ನಲ್ಲ."

ಆ ಹುಡುಗ ಸುಳ್ಳು ಹೇಳಿರ್ಲಿಲ್ಲ. ಆ್ಯಪ್ ಅಳಿಸಿದ್ರೆ ಲಾಕ್ ಬಿಟ್ಟುಹೋಗುತ್ತೆ ಅಂತ ಅವನೂ ನಂಬಿದ್ದ, ಅಂಕಲ್ಲೂ ನಂಬಿದ್ರು. ಮೂರು ದಿನ ಆದ್ಮೇಲೆ ಅವನ ಸಹಾಯದಿಂದಾನೇ ಲಾಕ್ ಬಿಡಿಸಿದಾಗ ಒಳಗಿನ ಲಿಸ್ಟ್ ನೋಡಿದ್ವಿ, ಅದ್ರಲ್ಲಿ 7 ಬೆರಳಚ್ಚು, 3 ಪಿನ್ ಇನ್ನೂ ಜೀವಂತವಾಗಿದ್ವು. ಎರಡು ವರ್ಷದ ಮಗು ಇಟ್ಕೊಂಡು ಅಕ್ಕ ಮೂರು ರಾತ್ರಿ ಆ ಬಾಗಿಲ ಹಿಂದೆ ಮಲಗಿದ್ಲು. ಅದನ್ನ ನೋಡಿದ್ಮೇಲೆ ಇದನ್ನ ಬರೀಲೇಬೇಕು ಅನ್ನಿಸ್ತು.

ಲಾಕಿನ ಲೆಕ್ಕ ಮೂರು ಕಡೆ ಇರುತ್ತೆ

ಇದೊಂದು ತಲೆಗೆ ಹೋದ್ರೆ ಅರ್ಧ ಕೆಲಸ ಆದಂಗೆ. ಒಂದು ನಿಮ್ಮ ಫೋನಲ್ಲಿರೋ ಆ್ಯಪ್, ಅದು ಬರೀ ಒಂದು ರಿಮೋಟ್ ಇದ್ದಂಗೆ. ಎರಡನೇದು ಕಂಪ್ನಿ ಸರ್ವರ್ರು, ಅಲ್ಲಿ ಈ ಲಾಕು ಯಾರ ಅಕೌಂಟಿಂದು ಅಂತ ಬರ್ದಿರುತ್ತೆ. ಮೂರನೇದು ಬಾಗಿಲಲ್ಲೇ ಇರೋ ಲಾಕು, ಅದರೊಳಗಿನ ಚಿಪ್ಪಲ್ಲಿ ಬೆರಳಚ್ಚು, ಪಿನ್ನು, ಕಾರ್ಡು, ಅಡ್ಮಿನ್ (ಲಾಕಿನ ಮೇಲೆ ಪೂರ್ತಿ ಹಕ್ಕಿರೋರು) ಯಾರು ಅನ್ನೋದು ಎಲ್ಲ ಕೂತಿರುತ್ತೆ, ಅದಕ್ಕೇ ಅಲ್ವಾ ಮನೆ ವೈಫೈ ಹೋದ್ರೂ ಬೆರಳಿಟ್ರೆ ಬಾಗಿಲು ತೆಗೆಯೋದು. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದ್ರೆ ಮೊದಲನೇದು ಮಾತ್ರ ಹೋಗುತ್ತೆ. ಉಳಿದ ಎರಡು ಹಂಗೇ ಇರ್ತವೆ. ಆ್ಯಪೊಳಗೆ ಡಿಲೀಟ್ ಕೊಟ್ಟು ಅದು ಅರ್ಧಕ್ಕೆ ನಿಂತ್ರೆ ಸರ್ವರಲ್ಲಿ ಹೋಗಿ ಲಾಕಲ್ಲಿ ಉಳ್ಕೊಳ್ಳುತ್ತೆ, ಬರೀ ಲಾಕನ್ನ ರಿಸೆಟ್ ಮಾಡಿದ್ರೆ, ಅಂದ್ರೆ ಅದರ ನೆನಪೆಲ್ಲ ಅಳಿಸಿ ಹೊಸದರ ತರ ಮಾಡಿದ್ರೆ, ಲಾಕಲ್ಲಿ ಹೋಗಿ ಸರ್ವರಲ್ಲಿ ಉಳ್ಕೊಳ್ಳೋದೂ ಉಂಟು. ಹಾಗಾಗಿ ನಿಮ್ಮ ತೊಂದರೆ ಈ ಮೂರರಲ್ಲಿ ಎಲ್ಲಿ ಸಿಕ್ಕಾಕ್ಕೊಂಡಿದೆ ಅಂತ ಕಂಡುಹಿಡಿಯೋದೇ ಇಲ್ಲಿ ಕೆಲಸ.

ಫೋನಿನ ಬ್ಲೂಟೂತ್ ಸೆಟ್ಟಿಂಗಿಗೆ ಹೋಗಿ ಅಲ್ಲಿ ಲಾಕಿನ ಹೆಸರು ಹುಡುಕಿ 'ಫರ್ಗೆಟ್' ಕೊಟ್ಟು ಆಯ್ತು ಅನ್ಕೊಳ್ಳೋರೂ ತುಂಬ ಜನ ಇದ್ದಾರೆ. ಹೆಚ್ಚಿನ ಲಾಕುಗಳು ಇಯರ್‌ಫೋನ್ ತರ ಅಲ್ಲಿ ಕಾಣೋದೇ ಇಲ್ಲ, ಆ್ಯಪ್ ನೇರವಾಗಿ ಲಾಕ್ ಜೊತೆ ಮಾತಾಡುತ್ತೆ. ಕಂಡ್ರೂ ಅಲ್ಲಿ ತೆಗೆದ್ರೆ ಲಾಕಿನ ಒಳಗಿನ ಲಿಸ್ಟಿಗೆ ಏನೂ ಆಗಲ್ಲ.

ಕೈ ಹಾಕೋ ಮುಂಚೆ

ಬಾಗಿಲು ಪೂರ್ತಿ ತೆಗೆದು ಒಂದು ಕುರ್ಚಿನೋ ಗ್ಯಾಸ್ ಸಿಲಿಂಡರ್ರೋ ಅಡ್ಡ ಇಡಿ. ಗಾಳಿಗೆ ಬಾಗಿಲು ದಢಾರ್ ಅಂತ ಹಾಕ್ಕೊಂಡು, ಅಷ್ಟೊತ್ತಿಗೆ ಲಾಕಿನ ನೆನಪೆಲ್ಲ ಅಳಿಸಿಹೋಗಿ, ನೀವು ಹೊರಗೆ ಒಲೆ ಮೇಲೆ ಹಾಲು ಒಳಗೆ ಅಂತಾದ್ರೆ ಕಷ್ಟ. ಲಾಕ್ ಜೊತೆ ಬಂದಿದ್ದ ಲೋಹದ ಕೀ ಎಲ್ಲಿದೆ ನೋಡ್ಕೊಳ್ಳಿ, ಬರೀ ನೋಡೋದಲ್ಲ, ಹಾಕಿ ತಿರುಗಿಸಿ ನೋಡಿ, ಯಾಕಂದ್ರೆ ವರ್ಷಗಟ್ಲೆ ಮುಟ್ಟದೆ ಇರೋ ಕೀ ತೂತು ಬಿಗಿಯಾಗಿರುತ್ತೆ.

ಆಮೇಲೆ ಸೆಲ್ಲು. ಹೆಚ್ಚಿನ ಲಾಕಲ್ಲಿ ಎಎ ಸೈಜಿನ 4 ಅಥವಾ 8 ಸೆಲ್ ಇರ್ತವೆ. ಡಿಲೀಟ್ ಮಾಡೋದು, ರಿಸೆಟ್ ಮಾಡೋದು ಇದೆಲ್ಲ ಸೆಲ್ ಸೋತಿರುವಾಗ ಮಾಡ್ಬೇಡಿ, ಅರ್ಧದಲ್ಲಿ ಲಾಕ್ ಕೈಕೊಟ್ರೆ ಆಗ್ಲೇ ಆ ಅರ್ಧಂಬರ್ಧ ಸ್ಥಿತಿ ಬರೋದು. ಎಲ್ಲಾ ಸೆಲ್ಲನ್ನೂ ಒಂದೇ ಸಲ ಹೊಸದು ಹಾಕಿ, ಆಲ್ಕಲೈನ್ ಅಂತ ಬರ್ದಿರೋದನ್ನೇ ತಗೊಳ್ಳಿ. ಚಾರ್ಜ್ ಮಾಡೋ ಸೆಲ್ ಸಾಮಾನ್ಯವಾಗಿ 1.2 ವೋಲ್ಟು, ಆಲ್ಕಲೈನು 1.5 ವೋಲ್ಟು, ನಾಲ್ಕು ಸೆಲ್ ಸೇರಿದ್ರೆ 6 ವೋಲ್ಟ್ ಬರೋ ಕಡೆ 4.8 ಬರುತ್ತೆ, ಲಾಕು ಅದನ್ನ ಸೆಲ್ ಮುಗೀತಾ ಬಂತು ಅಂತಲೇ ಓದುತ್ತೆ. ಹೊರಗಡೆ ನಿಂತಾಗ ಸೆಲ್ ಪೂರ್ತಿ ಸತ್ರೆ ಏನ್ಮಾಡೋದು ಅನ್ನೋದೂ ಗೊತ್ತಿರ್ಲಿ, ಲಾಕಿನ ಕೆಳಭಾಗದಲ್ಲಿ ಚಿಕ್ಕದೊಂದು ಯುಎಸ್‌ಬಿ ತೂತೋ ಇಲ್ಲಾ ಎರಡು ಲೋಹದ ಚುಕ್ಕಿನೋ ಇರುತ್ತೆ, ತೂತಿದ್ರೆ ಪವರ್ ಬ್ಯಾಂಕ್ ಚುಚ್ಚಿ, ಚುಕ್ಕಿ ಇದ್ರೆ 9 ವೋಲ್ಟಿನ ಚೌಕ ಬ್ಯಾಟರಿ ತಾಗಿಸಿ ಹಿಡ್ಕೊಂಡು ಪಿನ್ ಒತ್ತಿ.

ಡಿಲೀಟ್ ಬಟನ್ನೇ ಕಾಣ್ತಿಲ್ಲ ಅಂದ್ರೆ

ನೀವು ಅಡ್ಮಿನ್ ಅಲ್ಲ ಅಂತ ಅರ್ಥ. ಮನೆಯವ್ರು ಯಾರೋ ಲಾಕ್ ಸೇರಿಸಿ ನಿಮಗೆ ಬರೀ ಡಿಜಿಟಲ್ ಕೀ, ಅಂದ್ರೆ ನಿಮ್ಮ ಆ್ಯಪಿಂದ ಬಾಗಿಲು ತೆಗೆಯೋ ಅನುಮತಿ, ಕಳಿಸಿರ್ತಾರೆ. ನೀವು ಅದನ್ನ ಅಳಿಸಿದ್ರೆ ನಿಮ್ಮ ಕೀ ಮಾತ್ರ ಹೋಗುತ್ತೆ, ಲಾಕ್ ಅವರ ಹತ್ರಾನೇ ಇರುತ್ತೆ. ಟುಯಾ, ಸ್ಮಾರ್ಟ್ ಲೈಫ್ ತರದ ಆ್ಯಪಲ್ಲಿ 'ಹೋಮ್' ಅಂತ ಒಂದು ಇರುತ್ತೆ, ಅದರಲ್ಲಿ ಓನರ್, ಅಡ್ಮಿನಿಸ್ಟ್ರೇಟರ್, ಮಾಮೂಲಿ ಮೆಂಬರ್ ಅಂತ ಮೂರು ದರ್ಜೆ. ಮಾಮೂಲಿ ಮೆಂಬರ್‌ಗೆ ಡಿವೈಸ್ ತೆಗೆಯೋ ಹಕ್ಕಿಲ್ಲ. ಮದುವೆಯಾಗಿ ಬೇರೆ ಮನೆಗೆ ಹೋದ ತಮ್ಮನ ಫೋನಲ್ಲೋ, ಲಾಕ್ ಹಾಕೋಕೆ ಬಂದಿದ್ದ ಟೆಕ್ನೀಷಿಯನ್ ಫೋನಲ್ಲೋ ಅಡ್ಮಿನ್ ಉಳ್ಕೊಂಡಿರೋದು ತುಂಬಾನೇ ಮಾಮೂಲು. ಟೆಕ್ನೀಷಿಯನ್ ತನ್ನ ಫೋನಲ್ಲೇ ಟೆಸ್ಟ್ ಮಾಡಿ ಹಂಗೇ ಹೋಗ್ಬಿಡ್ತಾರೆ. ಯಾರೇ ಬಂದು ಲಾಕ್ ಹಾಕಿದ್ರೂ ಮೊದಲನೇ ಸಲ ಸೇರಿಸೋದು ನಿಮ್ಮ ಫೋನಲ್ಲೇ ಆಗ್ಲಿ, ಇದನ್ನ ನಾಚಿಕೆ ಬಿಟ್ಟು ಕೇಳಿ.

ಬಟನ್ ಇದೆ, ಒತ್ತಿದ್ರೆ ಫೇಲ್ ಆಗುತ್ತೆ ಅಂದ್ರೆ

ಹೆಚ್ಚಿನ ಜನ ಸಿಕ್ಕಾಕ್ಕೊಳ್ಳೋದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನಕ್ಕೆ ನೋಡೋಣ.

ಬ್ಲೂಟೂತ್ ಲಾಕನ್ನ ಆಫೀಸಲ್ಲಿ ಕೂತ್ಕೊಂಡು ಬಿಡಿಸೋಕಾಗಲ್ಲ. ಟಿಟಿಲಾಕ್ ಅನ್ನೋ ಆ್ಯಪ್ ಬೇರೆ ಬೇರೆ ಬ್ರಾಂಡಿನ ಎಷ್ಟೋ ಲಾಕಿಗೆ ಒಂದೇ, ಅದನ್ನೇ ಉದಾಹರಣೆಗೆ ತಗೊಳ್ಳಿ. ಅದ್ರಲ್ಲಿ ಲಾಕ್ ತೆರೆದು ಸೆಟ್ಟಿಂಗ್ಸಿಗೆ ಹೋಗಿ ಡಿಲೀಟ್ ಕೊಟ್ರೆ ಮೊದ್ಲು ಅಕೌಂಟ್ ಪಾಸ್‌ವರ್ಡ್ ಕೇಳುತ್ತೆ, ಆಮೇಲೆ ಆ್ಯಪು ಲಾಕ್ ಜೊತೆ ಬ್ಲೂಟೂತಲ್ಲಿ ಮಾತಾಡಿ ಅದರ ನೆನಪು ಅಳಿಸುತ್ತೆ, ಜೊತೆಗೇ ಸರ್ವರಿಗೂ ಹೇಳುತ್ತೆ. ಅಂದ್ರೆ ಬ್ಲೂಟೂತೂ ಬೇಕು ಇಂಟರ್ನೆಟ್ಟೂ ಬೇಕು, ಎರಡೂ ಒಟ್ಟಿಗೆ. ಅಪಾರ್ಟ್‌ಮೆಂಟಿನ ಕಾರಿಡಾರಲ್ಲಿ ಲಿಫ್ಟ್ ಪಕ್ಕ ನಿಂತ್ರೆ ಮನೆ ವೈಫೈ ಅರ್ಧ ಸಿಗುತ್ತೆ, ಮೊಬೈಲ್ ಡೇಟಾನೂ ಅರ್ಧ ಸಿಗುತ್ತೆ, ಫೋನು ಎರಡರ ಮಧ್ಯೆ ತೂಗಾಡ್ತಿರುತ್ತೆ, ಅಷ್ಟಕ್ಕೇ ಫೇಲ್ ಅಂತ ಬರುತ್ತೆ. ವೈಫೈ ಆಫ್ ಮಾಡಿ ಡೇಟಾದಲ್ಲಿ ಒಂದ್ಸಲ, ಡೇಟಾ ಆಫ್ ಮಾಡಿ ವೈಫೈಯಲ್ಲಿ ಒಂದ್ಸಲ ಟ್ರೈ ಮಾಡಿ. ವಿಪಿಎನ್, ಜಾಹೀರಾತು ತಡೆಯೋ ಆ್ಯಪ್ ಇದ್ರೆ ಸ್ವಲ್ಪ ಹೊತ್ತು ಆಫ್ ಮಾಡಿ.

ಫೋನಿನ ಪರ್ಮಿಷನ್ ನೋಡಿ. ಆಂಡ್ರಾಯ್ಡ್ 12 ಬಂದ್ಮೇಲೆ 'ನಿಯರ್‌ಬೈ ಡಿವೈಸಸ್' ಅಂತ ಒಂದು ಪರ್ಮಿಷನ್ ಬೇರೆನೇ ಇದೆ, ಅದನ್ನ ಬೇಡ ಅಂದಿದ್ರೆ ಆ್ಯಪಿಗೆ ಲಾಕ್ ಕಾಣೋದೇ ಇಲ್ಲ. ಅದಕ್ಕಿಂತ ಹಳೇ ಆಂಡ್ರಾಯ್ಡಲ್ಲಿ ಬ್ಲೂಟೂತ್ ಹುಡುಕಾಟಕ್ಕೆ ಲೊಕೇಶನ್ ಆನ್ ಇರ್ಬೇಕಿತ್ತು, ಬೀಗಕ್ಕೂ ಲೊಕೇಶನ್ನಿಗೂ ಏನ್ ಸಂಬಂಧ ಅಂತ ಬಹಳ ಜನ ಆಫ್ ಇಟ್ಟಿರ್ತಾರೆ, ಸಂಬಂಧ ಇದೆ, ಆನ್ ಮಾಡಿ. ಐಫೋನಲ್ಲಿ ಸೆಟ್ಟಿಂಗ್ಸಿಗೆ ಹೋಗಿ ಆ ಆ್ಯಪಿನ ಹೆಸರಿನ ಕೆಳಗೆ ಬ್ಲೂಟೂತ್ ಅನ್ನೋದು ಹಸಿರಾಗಿದ್ಯಾ ನೋಡಿ. ಫೋನಿನ ದಿನಾಂಕ, ಸಮಯ ಆಟೊಮ್ಯಾಟಿಕ್ ಅಲ್ಲೇ ಇರ್ಲಿ.

ಇನ್ನೊಂದು ವಿಷಯ ತುಂಬ ಜನಕ್ಕೆ ಹೊಳೆಯೋದೇ ಇಲ್ಲ. ಇಂಥ ಲಾಕುಗಳು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದು ಫೋನ್ ಜೊತೆ ಮಾತ್ರ ಮಾತಾಡ್ತವೆ. ಹಾಲಲ್ಲಿ ಕೂತಿರೋ ಮಗನ ಫೋನಲ್ಲಿ ಅದೇ ಆ್ಯಪ್ ತೆರೆದಿದ್ರೆ ನಿಮ್ಮ ಫೋನಿಗೆ ಲಾಕ್ ಸಿಗಲ್ಲ. ಮನೆಯವರೆಲ್ಲರ ಬ್ಲೂಟೂತ್ ಎರಡು ನಿಮಿಷ ಆಫ್ ಮಾಡ್ಸಿ, ಕೀಪ್ಯಾಡನ್ನ ಅಂಗೈಯಲ್ಲಿ ಮುಟ್ಟಿ ದೀಪ ಹೊತ್ತಿಸಿ, ಅಂದ್ರೆ ಲಾಕನ್ನ ನಿದ್ದೆಯಿಂದ ಎಬ್ಬಿಸಿ, ದೀಪ ಆರೋದ್ರೊಳಗೆ ಡಿಲೀಟ್ ಒತ್ತಿ. ನಾನು ನೋಡಿರೋ ಕೇಸಲ್ಲಿ ಇದೊಂದರಿಂದಾನೇ ಬಗೆಹರಿದಿದ್ದು ಹೆಚ್ಚು.

ಇಷ್ಟಕ್ಕೂ ಆಗ್ಲಿಲ್ವಾ, ಸೆಲ್ಲೆಲ್ಲ ತೆಗೆದು ಅರ್ಧ ನಿಮಿಷ ಬಿಡಿ, ಮಧ್ಯೆ ಕೀಪ್ಯಾಡ್ ನಾಲ್ಕೈದು ಸಲ ಒತ್ತಿ ಒಳಗೆ ಉಳಿದಿರೋ ಕರೆಂಟ್ ಖಾಲಿಯಾಗ್ಲಿ, ಮತ್ತೆ ಹಾಕಿ. ಬೆರಳಚ್ಚು, ಪಿನ್ ಏನೂ ಹೋಗಲ್ಲ, ಹೆದರ್ಬೇಡಿ. ಆ್ಯಪ್ ಅಪ್‌ಡೇಟ್ ಮಾಡಿ, ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಿ. ಕೊನೇದಾಗಿ ಅದೇ ಅಕೌಂಟನ್ನ ಇನ್ನೊಬ್ಬರ ಫೋನಲ್ಲಿ ತೆರೆದು ಅಲ್ಲಿಂದ ಡಿಲೀಟ್ ಮಾಡಿ ನೋಡಿ, ಒಂದೊಂದು ಫೋನಿನ ಬ್ಲೂಟೂತ್ ಒಂದೊಂದು ಲಾಕಿಗೆ ಒಗ್ಗಲ್ಲ.

ಟುಯಾ ಕಡೆಯ ವೈಫೈ ಲಾಕಲ್ಲಿ ದಾರಿ ಬೇರೆ. ಅಲ್ಲಿ 'ರಿಮೂವ್ ಡಿವೈಸ್' ಒತ್ತಿದ್ರೆ ಎರಡು ಆಯ್ಕೆ ಬರುತ್ತೆ, ಒಂದು ಬರೀ 'ಡಿಸ್‌ಕನೆಕ್ಟ್', ಇನ್ನೊಂದು 'ಡಿಸ್‌ಕನೆಕ್ಟ್ ಆ್ಯಂಡ್ ವೈಪ್ ಡೇಟಾ'. ಮನೆ ಬಿಟ್ಟುಕೊಡೋರು, ಲಾಕ್ ಮಾರೋರು ಎರಡನೇದನ್ನೇ ಒತ್ತಿ. ಲಾಕು ಆಫ್‌ಲೈನ್ ಇದ್ರೂ ಆ್ಯಪಿಂದ ಹೆಸರು ಮಾಯ ಆಗ್ಬೋದು, ಅದನ್ನ ನೋಡಿ ಮೋಸ ಹೋಗ್ಬೇಡಿ, ಸುದ್ದಿ ಸರ್ವರಿಗೆ ಮುಟ್ಟಿದೆ ಅಷ್ಟೇ, ಬಾಗಿಲಿಗೆ ಮುಟ್ಟಿಲ್ಲ. ಅದಕ್ಕೇ ಮೊದ್ಲು ಲಾಕನ್ನ ಆನ್‌ಲೈನ್ ತನ್ನಿ. ರೂಟರ್ ಬದಲಾಯಿಸಿದ್ಮೇಲೆ ಆಫ್‌ಲೈನ್ ಆಗಿದ್ರೆ ಹೊಸ ರೂಟರಿಗೆ ಹಳೇ ವೈಫೈ ಹೆಸರು, ಹಳೇ ಪಾಸ್‌ವರ್ಡನ್ನೇ ಕೊಡಿ, ಲಾಕ್ ತಾನಾಗೇ ಬಂದು ಸೇರ್ಕೊಳ್ಳುತ್ತೆ. ರೂಟರಲ್ಲಿ 2.4 ಗಿಗಾಹರ್ಟ್ಜ್ ವೈಫೈ ಆನ್ ಇರ್ಲಿ, ಹೆಚ್ಚಿನ ಲಾಕಿಗೆ 5 ಗಿಗಾಹರ್ಟ್ಜ್ ಕಾಣಲ್ಲ.

ಅಕೌಂಟ್ ಬೇರೆಯವರದ್ದಾದ್ರೆ

ಅಕ್ಕನ ಕಥೆ ಇದೇ. ಅಡ್ಡದಾರಿ ಹುಡುಕೋ ಮುಂಚೆ ಆ ವ್ಯಕ್ತಿನೇ ಹುಡುಕಿ, ಅದಕ್ಕಿಂತ ಸುಲಭದ್ದು ಇಲ್ಲ. ಓನರ್ ಅಂಕಲ್ ಹತ್ರ ಆ ಹುಡುಗನ ನಂಬರ್ ಇತ್ತು, ಅವನು ಪುಣೆಗೆ ಹೋಗಿದ್ದ. ಅಕ್ಕ ಫೋನ್ ಮಾಡಿ "ನೋಡಪ್ಪ, ಬಾಗಿಲು ಇನ್ನೂ ನಿನ್ನ ಹೆಸರಲ್ಲೇ ಇದೆ, ಸ್ವಲ್ಪ ಬಿಡಿಸ್ಕೊಡ್ತೀಯಾ" ಅಂದ್ಲು. ಅವನು "ಅಯ್ಯೋ ಸಾರಿ ಅಕ್ಕ, ನಂಗೆ ಗೊತ್ತೇ ಆಗ್ಲಿಲ್ಲ" ಅಂದು ಆ್ಯಪ್ ಮತ್ತೆ ಹಾಕ್ಕೊಂಡ. ಆದ್ರೆ ಪಾಸ್‌ವರ್ಡ್ ನೆನಪಿಲ್ಲ, ಒಟಿಪಿ ಹೋಗೋದು ಅವನ ಹಳೇ ನಂಬರಿಗೆ, ಆ ಸಿಮ್ ಅವರಪ್ಪನ ಫೋನಲ್ಲಿ ಶಿರಸಿಲಿ ಇತ್ತು. ಅವರಪ್ಪ ತೋಟದಿಂದ ಬಂದು ಒಟಿಪಿ ಓದಿ ಹೇಳೋ ಹೊತ್ತಿಗೆ ಎರಡು ದಿನ ಆಯ್ತು.

ಆ ಸಿಮ್ ನಿಂತುಹೋಗಿದ್ರೆ ಇನ್ನೂ ಕಷ್ಟ ಆಗ್ತಿತ್ತು. ನಮ್ಮಲ್ಲಿ ಬಿಟ್ಟುಹೋದ ಮೊಬೈಲ್ ನಂಬರನ್ನ ಕನಿಷ್ಠ 90 ದಿನ ಬೇರೆಯವ್ರಿಗೆ ಕೊಡಲ್ಲ, ಅದಾದ್ಮೇಲೆ ಅದು ಯಾರದ್ದೋ ಕೈಗೆ ಹೋಗ್ಬೋದು, ಬಾಗಿಲಿನ ಒಟಿಪಿ ಅವರಿಗೆ ಹೋಗುತ್ತೆ. ನಂಬರ್ ಬದಲಾಯಿಸೋರು ಬ್ಯಾಂಕಿಗೆ ತಿಳಿಸಿದಂಗೆ ಲಾಕಿನ ಆ್ಯಪಲ್ಲೂ ಮೊದ್ಲೇ ಬದಲಾಯಿಸಿ.

ಹಳಬರು ದೂರದಲ್ಲಿದ್ರೆ ಅವರೇ ಬಂದು ಬಾಗಿಲ ಹತ್ರ ನಿಂತು ಡಿಲೀಟ್ ಮಾಡ್ಬೇಕಂತೇನಿಲ್ಲ. ಟಿಟಿಲಾಕಲ್ಲಿ 'ಟ್ರಾನ್ಸ್‌ಫರ್ ಲಾಕ್' ಅಂತ ಇದೆ, ಅವರು ನಿಮ್ಮ ಅಕೌಂಟಿನ ನಂಬರೋ ಇಮೇಲೋ ಹಾಕಿ ಕಳಿಸಿದ್ರೆ ಅಡ್ಮಿನ್ ಹಕ್ಕು ನಿಮಗೆ ಬರುತ್ತೆ, ಪುಣೆಯಿಂದಾನೂ ಆಗುತ್ತೆ ಅಮೆರಿಕದಿಂದಾನೂ ಆಗುತ್ತೆ. ಟ್ರಾನ್ಸ್‌ಫರ್ ಅಂದ್ರೆ ಕೈ ಬದಲಾಗೋದು ಅಷ್ಟೇ, ಹಳೇ ಬೆರಳಚ್ಚು, ಪಿನ್ನುಗಳು ಲಾಕಲ್ಲೇ ಉಳಿದಿರ್ತವೆ. ಅಕ್ಕ ಹೀಗೇ ತಗೊಂಡಾಗ್ಲೇ ನಮಗೆ ಆ 7 ಬೆರಳಚ್ಚು ಕಂಡಿದ್ದು. ಹಾಗಾಗಿ ಟ್ರಾನ್ಸ್‌ಫರ್ ಆದ್ಮೇಲೆ ನೀವೇ ಬಾಗಿಲ ಹತ್ರ ನಿಂತು ಒಂದ್ಸಲ ಡಿಲೀಟ್ ಮಾಡಿ, ಹೊಸದಾಗಿ ಸೇರಿಸ್ಕೊಳ್ಳಿ.

ಹೊರದೇಶದಲ್ಲಿ ಮನೆ ತಗೊಂಡಿರೋ ನಮ್ಮವ್ರಿಗೂ ಒಂದು ಮಾತು, ಮನೆ ಕೀ ತಗೊಳ್ಳೋ ದಿನವೇ ಹಳೇ ಓನರ್ ಎದುರಿಗೆ ನಿಂತು ಅವರ ಆ್ಯಪಿಂದಾನೇ ಲಾಕ್ ಬಿಡಿಸ್ಕೊಳ್ಳಿ. ಆಗಸ್ಟ್ ಅನ್ನೋ ಬ್ರಾಂಡಿನ ತರದ ಲಾಕಲ್ಲಿ ಫ್ಯಾಕ್ಟರಿ ರಿಸೆಟ್ ಇರೋದೇ ಓನರಿನ ಆ್ಯಪೊಳಗೆ, ಅವರು ಕೈಗೆ ಸಿಗ್ದಿದ್ರೆ ಕಂಪ್ನಿ ಸಪೋರ್ಟಿಗೆ ಹೋಗ್ಬೇಕಾಗುತ್ತೆ.

ಯಾರೂ ಸಿಗ್ಲಿಲ್ಲ, ರಿಸೆಟ್ ಬಟನ್ನೇ ಗತಿ

ಬಾಡಿಗೆ ಮನೆಯಾದ್ರೆ ಓನರಿಗೆ ಒಂದು ಮಾತು ಹೇಳಿ, ವಾಟ್ಸಾಪಲ್ಲಿ ಹೇಳಿದ್ರೆ ಇನ್ನೂ ಒಳ್ಳೇದು. ರಿಸೆಟ್ ಬಟನ್ ಒಳಗಡೆ ಭಾಗದಲ್ಲಿ, ಸೆಲ್ ಹಾಕೋ ಡಬ್ಬಿ ಹತ್ರ ಚಿಕ್ಕ ತೂತಲ್ಲಿ ಇರುತ್ತೆ, ಸಿಮ್ ತೆಗೆಯೋ ಪಿನ್ ಹೋಗುವಷ್ಟು. ಕೆಲವದ್ರಲ್ಲಿ ಒಳಗಿನ ಪ್ಯಾನೆಲ್ ಬಿಚ್ಚಿದ್ರೆ ಮಾತ್ರ ಸಿಗುತ್ತೆ, ಸ್ಕ್ರೂ ಬಿಚ್ಚೋವಾಗ ಮಧ್ಯೆ ಹಾದಿರೋ ವೈರು ಎಳೀಬೇಡಿ. ಸೆಲ್ ಹಾಕೇ ಇರುವಾಗ 5 ಸೆಕೆಂಡ್ ಒತ್ತಿ ಹಿಡ್ಕೊಳ್ಳಿ. ಟಿಟಿಲಾಕ್ ಲಾಕಾದ್ರೆ ಕೋಡ್ ಕೇಳೋ ಧ್ವನಿ ಬರುತ್ತೆ, ಕೀಪ್ಯಾಡಲ್ಲಿ 000 ಒತ್ತಿ ಹ್ಯಾಶ್ (#) ಒತ್ತಿ, ಆಯ್ತು ಅಂತ ಹೇಳುತ್ತೆ. ಧ್ವನಿ ಬರೋವರೆಗೂ ಕಾಯದೆ ಬಟನ್ ಬಿಟ್ರೆ ಏನೂ ಆಗಿರಲ್ಲ. ಬೇರೆ ಲಾಕಲ್ಲಿ ಎಷ್ಟು ಸೆಕೆಂಡು, ಏನ್ ಒತ್ತೋದು ಅನ್ನೋದು ಬೇರೆ ಇರುತ್ತೆ, ಮ್ಯಾನುಯಲ್ ನೋಡಿ, ಕಳೆದಿದ್ರೆ ಒಳಗಿನ ಸ್ಟಿಕ್ಕರಿನ ಮಾಡೆಲ್ ನಂಬರ್ ಹಾಕಿ ಕಂಪ್ನಿ ಸೈಟಲ್ಲೇ ಹುಡುಕಿ.

ಲಾಕ್ ರಿಸೆಟ್ ಆಯ್ತು, ಆದ್ರೂ 'ಬೇರೆ ಅಕೌಂಟಿಗೆ ಸೇರಿದೆ' ಅಂತಲೇ ಬರ್ತಿದ್ಯಾ? ಅಂದ್ರೆ ಲಾಕಲ್ಲಿ ಹೋಗಿದೆ, ಸರ್ವರಲ್ಲಿ ಕೂತಿದೆ. ಕಳ್ಳತನ ಮಾಡಿದ ಲಾಕನ್ನ ಸುಲಭಕ್ಕೆ ಸೇರಿಸ್ಕೊಳ್ಳಬಾರ್ದು ಅಂತ ಕೆಲವರು ಬೇಕಂತಲೇ ಹಂಗೆ ಮಾಡಿರ್ತಾರೆ. ನೀವು ಎಷ್ಟು ಸಲ ಬಟನ್ ಒತ್ತಿದ್ರೂ ಅದು ಹೋಗಲ್ಲ, ಕಂಪ್ನಿಯವ್ರೇ ತೆಗೀಬೇಕು. ಅವರಿಗೆ ಬೇಕಾಗೋದು ಸೀರಿಯಲ್ ನಂಬರ್ ಅಥವಾ ಮ್ಯಾಕ್ ಅಡ್ರೆಸ್ (ಲಾಕಿನ ಚಿಪ್ಪಿನ ಗುರುತಿನ ಸಂಖ್ಯೆ) ಕಾಣೋ ಸ್ಟಿಕ್ಕರ್ ಫೋಟೋ, ಬಿಲ್ಲು ಇಲ್ಲಾ ಬಾಡಿಗೆ ಕರಾರು ಪತ್ರ, ರಿಸೆಟ್ ಮಾಡ್ತಿರೋ ಒಂದು ವಿಡಿಯೋ, ಬರ್ತಿರೋ ಎರರ್‌ನ ಸ್ಕ್ರೀನ್‌ಶಾಟು. ಇಷ್ಟನ್ನೂ ಮೊದಲನೇ ಮೇಲಲ್ಲೇ ಕಳಿಸಿದ್ರೆ ವಾರಗಟ್ಲೆ ಓಡಾಟ ಉಳಿಯುತ್ತೆ. ಉತ್ತರಾನೇ ಕೊಡ್ದಿದ್ರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡಿ.

ಕಸ್ಟಮರ್ ಕೇರ್ ನಂಬರನ್ನ ಗೂಗಲಲ್ಲಿ ಮೊದಲು ಸಿಕ್ಕಿದ್ದು ಅಂತ ತಗೋಬೇಡಿ, ದಯವಿಟ್ಟು. ಲಾಕ್ ಡಬ್ಬಿ ಮೇಲೋ ಆ್ಯಪೊಳಗೋ ಇರೋ ನಂಬರಿಗೇ ಮಾಡಿ. ಒಟಿಪಿ ಹೇಳಿ, ಸ್ಕ್ರೀನ್ ಶೇರ್ ಮಾಡೋ ಆ್ಯಪ್ ಹಾಕ್ಕೊಳ್ಳಿ ಅಂತ ಯಾರಾದ್ರೂ ಅಂದ್ರೆ ಕಟ್ ಮಾಡಿ. ಇಲ್ಲಿ ದುಡ್ಡಿನ ಜೊತೆ ಮನೆ ಬಾಗಿಲೂ ಹೋಗುತ್ತೆ.

ಬಿಟ್ಟಿದೆ ಅಂತ ಗ್ಯಾರಂಟಿ ಮಾಡ್ಕೊಳ್ಳೋದು

ಆ್ಯಪಲ್ಲಿ ಹೆಸರು ಮಾಯ ಆಗಿದ್ದನ್ನ ನಂಬ್ಬೇಡಿ, ಬಾಗಿಲನ್ನೇ ಕೇಳಿ. ಬಾಗಿಲು ತೆರೆದೇ ಇಟ್ಟು, ಹ್ಯಾಂಡಲ್ ಎತ್ತಿ ಬೋಲ್ಟ್ ಹೊರಗೆ ಬರ್ಸಿ, ಹಳೇ ಪಿನ್ ಒತ್ತಿ ನೋಡಿ, ಹಳೇ ಕಾರ್ಡ್ ತೋರ್ಸಿ. ಬೋಲ್ಟ್ ಒಳಗೆ ಹೋಗ್ಬಾರ್ದು. ಆಮೇಲೆ 123456 ಒತ್ತಿ ಹ್ಯಾಶ್ ಒತ್ತಿ, ಟಿಟಿಲಾಕ್ ಸೇರಿದಂಗೆ ಎಷ್ಟೋ ಲಾಕಲ್ಲಿ ಅದೇ ಫ್ಯಾಕ್ಟರಿ ಪಿನ್, ಅದು ಕೆಲಸ ಮಾಡಿದ್ರೆ ಲಾಕ್ ನಿಜವಾಗ್ಲೂ ಖಾಲಿಯಾಗಿದೆ ಅಂತ.

ಈಗ ಗಮನ ಕೊಟ್ಟು ಓದಿ. ಖಾಲಿಯಾದ ಲಾಕು ಬೀಗ ಇಲ್ಲದ ಬಾಗಿಲಿದ್ದಂಗೆ. ಆ ಆರು ಅಂಕಿ ಯಾರು ಒತ್ತಿದ್ರೂ ತೆಗೆಯುತ್ತೆ, ಎಷ್ಟೋ ಲಾಕು ಆ ಸ್ಥಿತಿಯಲ್ಲಿ ಯಾರ ಬೆರಳಿಟ್ರೂ ತೆಗೆಯುತ್ತೆ. ರಾತ್ರಿ ರಿಸೆಟ್ ಮಾಡಿ ಬೆಳಿಗ್ಗೆ ಸೇರಿಸೋಣ ಅಂತ ಮಲಗ್ಬೇಡಿ, ಕೂತ ಜಾಗದಲ್ಲೇ ಹೊಸ ಅಡ್ಮಿನ್ ಸೇರಿಸಿ, ನಿಮ್ಮ ಬೆರಳು, ಮನೆಯವರದ್ದು, ಹೊಸ ಪಿನ್ನು ಹಾಕಿ, 123456 ಇನ್ನು ತೆಗೆಯಲ್ಲ ಅಂತ ಮತ್ತೊಂದ್ಸಲ ಒತ್ತಿ ನೋಡಿ.

ಗೇಟ್‌ವೇ ಇದ್ರೆ, ಅದೇ ಲಾಕನ್ನ ಇಂಟರ್ನೆಟ್ಟಿಗೆ ಸೇರ್ಸೋಕೆ ಪ್ಲಗ್ಗಿಗೆ ಸಿಕ್ಕಿಸೋ ಚಿಕ್ಕ ಡಬ್ಬಿ, ಅದನ್ನೂ ಹಳೇ ಅಕೌಂಟಿಂದ ಬೇರೆಯಾಗಿ ತೆಗೀಬೇಕು. ಅಲೆಕ್ಸಾ, ಗೂಗಲ್ ಹೋಮಲ್ಲಿ ಹಳೇ ಲಾಕಿನ ಹೆಸರು ಉಳಿದಿದ್ರೆ ಅಲ್ಲಿಂದಾನೂ ಅಳಿಸಿ, ಮ್ಯಾಟರ್ ಲಾಕಾದ್ರೆ, ಅಂದ್ರೆ ಒಂದೇ ಸಲ ಬೇರೆ ಬೇರೆ ಕಂಪ್ನಿ ಆ್ಯಪಿಗೆ ಸೇರಿಸ್ಬೋದಾದ ತರದ್ದಾದ್ರೆ, ಎಷ್ಟು ಆ್ಯಪಿಗೆ ಸೇರಿಸಿದ್ರೋ ಅಷ್ಟರಿಂದಾನೂ ತೆಗೀಬೇಕು.

ಅಕ್ಕನ ಮನೇಲಿ ಕೊನೇಗೆ ಅಡ್ಮಿನ್ ಅಕೌಂಟನ್ನ ಓನರ್ ಅಂಕಲ್ ಇಮೇಲಲ್ಲಿ ಮಾಡಿ, ಅಕ್ಕನಿಗೆ ಬಾಡಿಗೆ ಕರಾರು ಮುಗಿಯೋ ತಾರೀಕಿನವರೆಗೆ ಡಿಜಿಟಲ್ ಕೀ ಕೊಡೋ ಹಂಗೆ ಮಾಡಿದ್ವಿ. ಅಂಕಲ್‌ಗೆ ಆ್ಯಪ್ ಹೊಸದು, "ಇದನ್ನೆಲ್ಲ ನಾನ್ ಎಲ್ಲಿ ನೆನಪಿಟ್ಕೊಳ್ಳಮ್ಮ" ಅಂತ ಮೊದ್ಲು ಒಪ್ಪಿರ್ಲಿಲ್ಲ. ಆಮೇಲೆ ಅವರೇ ಹಂತಗಳನ್ನೆಲ್ಲ ಒಂದು ಹಾಳೆ ಮೇಲೆ ಬರ್ಕೊಂಡು, ಸ್ಟಿಕ್ಕರಿನ ಸೀರಿಯಲ್ ನಂಬರನ್ನೂ ಅದರ ಕೆಳಗೆ ಬರೆದು, ಕರಾರು ಪತ್ರದ ಜೊತೆ ಪಿನ್ ಮಾಡಿಟ್ಕೊಂಡಿದ್ದಾರೆ.